ಲೆಕ್ಕಕ್ಕೆ ಸಿಗದ ಗಾಳಿ: ನಿಂತಲ್ಲೇ ಓಡುವ ಎಂಜಿನ್ನಿನ ಚರಿತ್ರೆ



ಬಸವಕಲ್ಯಾಣ, ಹುಮನಾಬಾದ್ ಸೀಮೆಯ ಚರಿತ್ರೆಯೆಂದರೆ ಚಾಲುಕ್ಯರ ರಾಜಧಾನಿ, ಶರಣರ ಕಲ್ಯಾಣ, ನಿಜಾಮರ ಆಳ್ವಿಕೆ ಎಂಬ ಮೂರು ಅಧ್ಯಾಯಗಳಲ್ಲಿ ನಾವು ಸಾಮಾನ್ಯವಾಗಿ ಅದನ್ನು ಮುಗಿಸಿಬಿಡುತ್ತೇವೆ. ಸಮಾಜ ವಿಜ್ಞಾನದ ಮಾಸ್ತರನಾಗಿ ನಾನು ಕೂಡ ಹಾಗೆಯೇ ಪಾಠ ಹೇಳಿಕೊಟ್ಟವನು. ಪಠ್ಯಪುಸ್ತಕದಲ್ಲಿ ಇದ್ದದ್ದು ಅಷ್ಟೇ. ಆದರೆ ಈ ನೆಲಕ್ಕೆ ಇನ್ನೊಂದು ಅಧ್ಯಾಯವಿದೆ. ಅದಕ್ಕೆ ಶಾಸನಗಳಿಲ್ಲ, ಕಡತಗಳಿಲ್ಲ. ಹೆದ್ದಾರಿಯ ಇಕ್ಕೆಲಗಳಲ್ಲಿ ತಗಡಿನ ಮಾಡುಗಳ ಕೆಳಗೆ ಎಣ್ಣೆ ಹಿಡಿದ ಕೈಗಳಲ್ಲಿ ಅದು ಉಳಿದುಕೊಂಡಿದೆ. ಮೋಟಾರು ರಿಪೇರಿಯ ಕಸುಬಿನ ಅಧ್ಯಾಯ ಅದು. ನಿಮ್ಮಲ್ಲಿಯೇ ಹಲವರು ಆ ಕಸುಬಿನಿಂದ ಮನೆ ಕಟ್ಟಿದ್ದೀರಿ, ಮಕ್ಕಳನ್ನು ಓದಿಸಿದ್ದೀರಿ.

ಇಡೀ ಕಸುಬಿನ ಚರಿತ್ರೆಯನ್ನು ಬರೆಯುವುದು ಈ ವಯಸ್ಸಿನಲ್ಲಿ ನನ್ನಿಂದಾಗುವ ಕೆಲಸವಲ್ಲ. ಆದ್ದರಿಂದ ಒಂದೇ ಒಂದು ದೋಷವನ್ನು ಹಿಡಿದುಕೊಂಡು ಹೊರಟಿದ್ದೇನೆ. ಕಾರು ನಿಂತಿದೆ, ಗೇರು ನ್ಯೂಟ್ರಲ್‌ನಲ್ಲಿದೆ, ಎಕ್ಸಲರೇಟರಿನ ಮೇಲೆ ಕಾಲಿಲ್ಲ. ಆದರೂ ಎಂಜಿನ್ ಬೇಕಾದುದಕ್ಕಿಂತ ಜೋರಾಗಿ ತಿರುಗುತ್ತದೆ. ಹೀಗೆ ನಿಂತಲ್ಲಿಯೇ ಎಂಜಿನ್ ತಿರುಗುವುದಕ್ಕೆ ಐಡ್ಲಿಂಗ್ ಎನ್ನುತ್ತಾರೆ. ಅದು ಹೆಚ್ಚಾದರೆ ನಮ್ಮ ಕಡೆಯ ಮಾತಿನಲ್ಲಿ "ಗಾಡಿ ರೇಸ್ ಹೊಡಿಲತ್ತದ" ಎನ್ನುವುದು ವಾಡಿಕೆ. ಕಾಯಿಲೆ ಸಣ್ಣದೆಂದು ತೋರುತ್ತದೆ. ಆದರೆ ಅದಕ್ಕೆ ಕಾರಣ ಹುಡುಕುವ ವಿದ್ಯೆಯ ಹಿಂದೆ ನೂರು ವರ್ಷಗಳಿಗೂ ಮೀರಿದ ಕಥೆಯಿದೆ.

ಮೊದಲು ರಸ್ತೆಯ ವಿಚಾರ. ಪುಣೆಯಿಂದ ಸೊಲ್ಲಾಪುರ, ಹೈದರಾಬಾದುಗಳ ಮೂಲಕ ಮಚಲೀಪಟ್ಟಣದವರೆಗೆ ಹೋಗುವ ಹೆದ್ದಾರಿ ನಮ್ಮ ಸೀಮೆಯನ್ನು ಪಡುವಣದಿಂದ ಮೂಡಣಕ್ಕೆ ಸೀಳಿಕೊಂಡು ಹೋಗುತ್ತದೆ. ಅದನ್ನು ನಾವು ಬಹುಕಾಲ 9ನೇ ನಂಬರಿನ ಹೆದ್ದಾರಿ ಎಂದೇ ಕರೆದೆವು. 2010ರಲ್ಲಿ ಹೆದ್ದಾರಿಗಳಿಗೆಲ್ಲ ಹೊಸ ಸಂಖ್ಯೆ ಕೊಟ್ಟಾಗ ಅದು 65 ಆಯಿತು. ಬಸವಕಲ್ಯಾಣ ಪಟ್ಟಣವು ಈ ಹೆದ್ದಾರಿಯಿಂದ ತುಸು ಒಳಗಿದೆ. ಸಸ್ತಾಪುರ ಬಂಗ್ಲಾದ ಬಳಿ ಇಳಿದು ಊರಿಗೆ ಹೋಗಬೇಕು. ಹುಮನಾಬಾದಾದರೋ ಹೆದ್ದಾರಿಯ ಮೇಲೆಯೇ ಇದೆ. ಬೀದರ–ಕಲಬುರಗಿ ರಸ್ತೆಯೂ ಅಲ್ಲಿಯೇ ಇದನ್ನು ಅಡ್ಡ ಹಾಯುತ್ತದೆ. ನಾಲ್ಕು ದಿಕ್ಕಿನ ವಾಹನಗಳು ಕೂಡುವ ಊರಿನಲ್ಲಿ ನಾಲ್ಕು ದಿಕ್ಕಿನ ಕಾಯಿಲೆಗಳೂ ಬಂದು ನಿಲ್ಲುತ್ತವೆ.

ಇಲ್ಲಿ ರಸ್ತೆಗೆ ಇಷ್ಟು ಮಹತ್ವ ಬಂದದ್ದಕ್ಕೆ ಇನ್ನೊಂದು ಕಾರಣ ರೈಲು ಇಲ್ಲದಿದ್ದುದು. ಬೀದರ–ಕಲಬುರಗಿ ರೈಲು ಮಾರ್ಗ ಪೂರ್ಣವಾಗಿ ಉದ್ಘಾಟನೆಯಾದದ್ದು 2017ರ ಅಕ್ಟೋಬರ್ 29ರಂದು. ಹುಮನಾಬಾದಿನ ಜನ ಕಲಬುರಗಿಗೆ ರೈಲಿನಲ್ಲಿ ಹೋಗಲು ಅಲ್ಲಿಯತನಕ ಕಾಯಬೇಕಾಯಿತು. ಬಸವಕಲ್ಯಾಣ ಪಟ್ಟಣಕ್ಕಂತೂ ರೈಲು ಹಳಿ ಬಂದೇ ಇಲ್ಲ. ತೊಗರಿ, ಬೆಲ್ಲ, ಸಿಮೆಂಟು, ಮದುವೆಯ ದಿಬ್ಬಣ, ಆಸ್ಪತ್ರೆಗೆ ಹೋಗುವ ಬಾಣಂತಿ ಎಲ್ಲಕ್ಕೂ ರಸ್ತೆಯೇ ಗತಿಯಾಗಿತ್ತು.

ರಸ್ತೆಯ ಸಾರಿಗೆಯಲ್ಲಿ ನಮ್ಮ ಸೀಮೆ ಹಿಂದುಳಿದದ್ದೇನೂ ಅಲ್ಲ. ನಿಜಾಮರ ಸರಕಾರದ ರೈಲ್ವೆಯು 1932ರ ಜೂನ್ ತಿಂಗಳಲ್ಲಿ ರಸ್ತೆ ಸಾರಿಗೆಯ ಒಂದು ವಿಭಾಗವನ್ನು ತೆರೆಯಿತು. ಆಗ ಇದ್ದದ್ದು 27 ಬಸ್ಸುಗಳು, 166 ಮಂದಿ ನೌಕರರು. ಭಾರತದಲ್ಲಿ ಸರಕಾರವೇ ಬಸ್ಸು ಓಡಿಸಿದ ಮೊದಲ ಉದಾಹರಣೆಗಳಲ್ಲಿ ಇದು ಮುಖ್ಯವಾದುದು. 1956ರ ನವೆಂಬರ್ 1ರಂದು ಹೈದರಾಬಾದ್ ಸಂಸ್ಥಾನದ ನಾಡು ಮೂರು ರಾಜ್ಯಗಳಿಗೆ ಹಂಚಿಹೋದಾಗ ಹಳೆಯ ಬೀದರ ಜಿಲ್ಲೆಯೂ ಒಡೆಯಿತು. ಉದಗೀರ, ನಿಲಂಗಾ ಮುಂಬಯಿ ಪ್ರಾಂತಕ್ಕೆ ಹೋದವು; ಝಹೀರಾಬಾದು ಆಂಧ್ರಕ್ಕೆ ಸೇರಿತು; ನಾವು ಮೈಸೂರಿಗೆ ಬಂದೆವು. ಗಡಿಗಳು ಬದಲಾದರೂ ಲಾರಿಗಳು ಹೋಗುವ ದಾರಿ ಬದಲಾಗಲಿಲ್ಲ. ಇದರಿಂದಾಗಿಯೇ ನಮ್ಮ ಗ್ಯಾರೇಜುಗಳಲ್ಲಿ ಇಂದಿಗೂ ಕನ್ನಡ, ದಖನಿ, ಮರಾಠಿ, ತೆಲುಗು ಒಂದೇ ವಾಕ್ಯದಲ್ಲಿ ಸಂಸಾರ ಮಾಡುತ್ತವೆ. ಸ್ಪ್ಯಾನರು ಪಾನಾ ಆಗಿದೆ, ಸ್ಕ್ರೂಡ್ರೈವರು ಪೇಚಕಸ್ ಆಗಿದೆ, ಹಿರಿಯ ಮೆಕ್ಯಾನಿಕನು ಉಸ್ತಾದ್ ಆಗಿದ್ದಾನೆ. ಬಸವಕಲ್ಯಾಣದ ಹೆದ್ದಾರಿಯ ಬಳಿಯ ಆಟೋ ನಗರಕ್ಕೆ ಹೋಗಿ ಒಂದು ಗಂಟೆ ಕುಳಿತರೆ ಭಾಷಾ ಚರಿತ್ರೆಯ ಒಂದು ಪಾಠವೇ ಕಿವಿಗೆ ಬೀಳುತ್ತದೆ.

ಇನ್ನು ಎಂಜಿನ್ನಿನ ಮಾತಿಗೆ ಬರೋಣ. ಪೆಟ್ರೋಲ್ ಎಂಜಿನ್ನು ಮೂಲತಃ ಗಾಳಿಯನ್ನು ಒಳಗೆ ಎಳೆದುಕೊಳ್ಳುವ ಒಂದು ಪಂಪು. ಎಳೆದ ಗಾಳಿಗೆ ತಕ್ಕಷ್ಟು ಪೆಟ್ರೋಲು ಬೆರೆಯುತ್ತದೆ, ಕಿಡಿ ತಾಗುತ್ತದೆ, ಉರಿಯುತ್ತದೆ. ನಾವು ಎಕ್ಸಲರೇಟರನ್ನು ಒತ್ತಿದಾಗ ಪೆಟ್ರೋಲನ್ನು ಸುರಿಯುತ್ತೇವೆಂದು ಬಹುಮಂದಿ ತಿಳಿದಿದ್ದಾರೆ. ವಾಸ್ತವವಾಗಿ ನಾವು ತೆರೆಯುವುದು ಗಾಳಿಯ ದಾರಿಯಲ್ಲಿರುವ ಒಂದು ತಟ್ಟೆಯಂಥ ಬಾಗಿಲನ್ನು. ಅದರ ಹೆಸರು ಥ್ರಾಟಲ್. ಬಾಗಿಲು ತೆರೆದಷ್ಟೂ ಗಾಳಿ, ಗಾಳಿಯಷ್ಟೇ ಪೆಟ್ರೋಲು, ಅವೆರಡರಷ್ಟೇ ವೇಗ. ಕಾಲು ತೆಗೆದಾಗ ಬಾಗಿಲು ಮುಚ್ಚುತ್ತದೆ, ಆದರೆ ಪೂರ್ತಿಯಾಗಿ ಮುಚ್ಚಿದರೆ ಎಂಜಿನ್ ಉಸಿರುಗಟ್ಟಿ ನಿಂತುಹೋಗುತ್ತದೆ. ಆದ್ದರಿಂದ ಒಂದು ಕೂದಲೆಳೆಯಷ್ಟು ಸಂದು ಉಳಿಸಬೇಕು. ಆ ಸಂದಿನ ಗಾಳಿಯಲ್ಲಿ ಎಂಜಿನ್ ನಿಮಿಷಕ್ಕೆ ಸುಮಾರು 700ರಿಂದ 900 ಸುತ್ತು ತಿರುಗುತ್ತ ಜೀವ ಹಿಡಿದುಕೊಂಡಿರುತ್ತದೆ. ಇದೇ ಐಡ್ಲಿಂಗ್.

ಹಾಗಾದರೆ ಐಡ್ಲಿಂಗ್ ಹೆಚ್ಚಾಗುವುದೆಂದರೇನು? ನಾವು ಅನುಮತಿ ಕೊಟ್ಟದ್ದಕ್ಕಿಂತ ಹೆಚ್ಚು ಗಾಳಿ ಎಲ್ಲಿಂದಲೋ ಒಳಗೆ ಬರುತ್ತಿದೆ ಎಂದೇ ಬಹುಪಾಲು ಅರ್ಥ. ಲೆಕ್ಕಕ್ಕೆ ಸಿಗದ ಗಾಳಿ! ಅದು ಬರುವ ದಾರಿಯನ್ನು ಹುಡುಕುವುದೇ ಈ ಕಾಯಿಲೆಯ ರೋಗನಿದಾನ. ಎಂಜಿನ್ನಿನ ರೂಪ ಎಷ್ಟೋ ಸಲ ಬದಲಾಗಿದೆ. ಆದರೆ ಈ ಪ್ರಶ್ನೆ ಬದಲಾಗಿಲ್ಲ.

ಯಂತ್ರದ ವೇಗವನ್ನು ಹತೋಟಿಯಲ್ಲಿಡುವ ಚಿಂತೆ ಕಾರಿಗಿಂತ ಹಳೆಯದು. 1788ರಲ್ಲಿ ಜೇಮ್ಸ್ ವಾಟನು ಉಗಿ ಯಂತ್ರಕ್ಕೆ ಎರಡು ತಿರುಗುವ ಗುಂಡುಗಳ ಗವರ್ನರನ್ನು ಅಳವಡಿಸಿದ. ವೇಗ ಹೆಚ್ಚಾದರೆ ಗುಂಡುಗಳು ಹೊರಗೆ ಹಾರಿ ಉಗಿಯ ದಾರಿಯನ್ನು ಕಿರಿದುಗೊಳಿಸುತ್ತಿದ್ದವು. 1886ರ ಜನವರಿ 29ರಂದು ಕಾರ್ಲ್ ಬೆಂಝನು ತನ್ನ ಮೂರು ಗಾಲಿಯ ಮೋಟಾರು ಬಂಡಿಗೆ ಪೇಟೆಂಟು ಕೇಳಿದಾಗ ಕಾರಿನ ಯುಗ ಆರಂಭವಾಯಿತು. ಆಗಿನ ಕಾರ್ಬುರೇಟರು ಪೆಟ್ರೋಲಿನ ಮೇಲೆ ಗಾಳಿಯನ್ನು ಹಾಯಿಸಿ ಆವಿ ಹಿಡಿಯುವ ಸರಳ ಸಾಧನವಾಗಿತ್ತು. 1893ರ ಸುಮಾರಿಗೆ ಜರ್ಮನಿಯಲ್ಲಿ ವಿಲ್ಹೆಲ್ಮ್ ಮೇಬಾಕ್‌ನೂ, ಹಂಗೇರಿಯಲ್ಲಿ ಬಾಂಕಿ ಮತ್ತು ಚೋಂಕಾ ಎಂಬ ಇಬ್ಬರೂ ಪೆಟ್ರೋಲನ್ನು ಸಣ್ಣ ರಂಧ್ರದಿಂದ ತುಂತುರಾಗಿ ಚಿಮ್ಮಿಸುವ ಕಾರ್ಬುರೇಟರನ್ನು ರೂಪಿಸಿದರು. ಹೂವಿನ ಮೇಲೆ ನೀರು ಚಿಮುಕಿಸುತ್ತಿದ್ದ ಹುಡುಗಿಯನ್ನು ಕಂಡು ಬಾಂಕಿಗೆ ಈ ಉಪಾಯ ಹೊಳೆಯಿತೆಂಬ ಕಥೆ ಅಲ್ಲಿ ಪ್ರಚಲಿತವಾಗಿದೆ. ಇಂಗ್ಲೆಂಡಿನಲ್ಲಿ ಚಪ್ಪಲಿ ವ್ಯಾಪಾರದ ಮನೆತನದಲ್ಲಿ ಹುಟ್ಟಿದ ಸ್ಕಿನ್ನರ್ ಎಂಬಾತ 20ನೇ ಶತಮಾನದ ಆರಂಭದಲ್ಲಿ ಎಸ್‌ಯು ಎಂಬ ಕಾರ್ಬುರೇಟರನ್ನು ತಯಾರಿಸಿದಾಗ ಅದರೊಳಗೆ ತೊಗಲಿನ ತಿದಿಯನ್ನೇ ಬಳಸಿದ್ದ. ನಮ್ಮ ಕಮ್ಮಾರನ ಕುಲುಮೆಯ ತಿದಿಗೂ ಕಾರಿನ ಉಸಿರಿಗೂ ಹೀಗೊಂದು ದೂರದ ನಂಟು.

ನಮ್ಮ ದೇಶದ ಮಾತಿಗೆ ಬಂದರೆ, 1930ರ ದಶಕದಲ್ಲಿಯೇ ಸರ್ ಎಂ. ವಿಶ್ವೇಶ್ವರಯ್ಯನವರು ಇಲ್ಲಿ ಮೋಟಾರು ಕಾರ್ಖಾನೆ ಆಗಬೇಕೆಂದು ಯೋಜನೆ ಹಾಕಿಕೊಂಡು ಓಡಾಡಿದ್ದರು. ಅವರೊಡನೆ ಕೈಜೋಡಿಸಿದ ಉದ್ಯಮಿ ವಾಲಚಂದ ಹಿರಾಚಂದರು. ನಮಗೆ ಹತ್ತಿರದ ಸಂಗತಿಯೆಂದರೆ ವಾಲಚಂದರು 1882ರಲ್ಲಿ ಹುಟ್ಟಿದ್ದು ಸೊಲ್ಲಾಪುರದಲ್ಲಿ, ಅಂದರೆ ನಮ್ಮ ಹೆದ್ದಾರಿಯ ಪಡುವಣದ ದೊಡ್ಡ ಊರಿನಲ್ಲಿ. ಅವರು 1944ರಲ್ಲಿ ಸ್ಥಾಪಿಸಿದ ಪ್ರೀಮಿಯರ್ ಆಟೋಮೊಬೈಲ್ಸ್ ಮುಂದೆ ಮುಂಬಯಿಯ ಕುರ್ಲಾದಲ್ಲಿ ಫಿಯೆಟ್ ಕಾರುಗಳನ್ನು ತಯಾರಿಸಿತು. ಅದೇ ಕಾರು 1970ರ ದಶಕದಲ್ಲಿ ಪ್ರೀಮಿಯರ್ ಪದ್ಮಿನಿಯಾಯಿತು. ಬಂಗಾಳದ ಉತ್ತರಪಾಡಾದಲ್ಲಿ ಹಿಂದೂಸ್ತಾನ್ ಮೋಟಾರ್ಸ್‌ನವರು 1957–58ರ ಹೊತ್ತಿಗೆ ಅಂಬಾಸಿಡರ್ ತಯಾರಿಸಲು ಆರಂಭಿಸಿದರು. 1983ರ ಡಿಸೆಂಬರ್ 14ರಂದು ಮಾರುತಿ 800 ಬಂದಿತು. ನಮ್ಮ ಕಡೆಯ ಗ್ಯಾರೇಜುಗಳಲ್ಲಿ ಬೆಳೆದ ಪೆಟ್ರೋಲ್ ಕಾರಿನ ವಿದ್ಯೆಯೆಲ್ಲ ಬಹುತೇಕ ಈ ಮೂರು ಕಾರುಗಳ ಮೇಲೆಯೇ ಬೆಳೆದದ್ದು.

ಆ ಕಾಲದ ಉಸ್ತಾದರು ಐಡ್ಲಿಂಗ್ ಹೆಚ್ಚಾದ ಕಾರನ್ನು ಹೇಗೆ ಪರೀಕ್ಷಿಸುತ್ತಿದ್ದರೆಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನನ್ನ ಬಳಿ ಒಂದು ಹಳೆಯ ಮಾರುತಿ 800 ಇತ್ತು, ಕಾರ್ಬುರೇಟರಿನದು. ಅದು ಒಮ್ಮೆ ನಿಂತಲ್ಲಿಯೇ ರೇಸ್ ಹೊಡೆಯತೊಡಗಿತು. ಒಂದು ಗ್ಯಾರೇಜಿನಲ್ಲಿ ತೋರಿಸಿದಾಗ ಪೇಚಕಸ್ ತೆಗೆದುಕೊಂಡು ಐಡ್ಲಿಂಗ್ ಸ್ಕ್ರೂವನ್ನು ಎರಡು ಸುತ್ತು ಸಡಿಲಿಸಿ ಕೊಟ್ಟರು. ಸದ್ದು ಇಳಿಯಿತು. ಆದರೆ ಮರುದಿನ ಬೆಳಗ್ಗೆ ಕಾರು ಚಾಲೂ ಆಗಲಿಲ್ಲ. ಆದರೂ ನಡುನಡುವೆ ನಿಂತುಹೋಗುತ್ತಿತ್ತು. ಕಡೆಗೆ ಹುಮನಾಬಾದಿನಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಬಳಿಗೆ ಒಯ್ದೆ. ಶಾಲೆಯಲ್ಲಿ ಅವನು ಹಿಂದಿನ ಬೆಂಚಿನವನು. ಬಾನೆಟ್ಟು ಎತ್ತಿ ಐದು ನಿಮಿಷ ಸುಮ್ಮನೆ ಕಿವಿಗೊಟ್ಟು ನಿಂತ. ಆಮೇಲೆ ಹೇಳಿದ:

"ಸರ್, ಇದು ಎಲ್ಲಿಂದೋ ಹವಾ ಕದ್ದು ಕುಡಿಲತ್ತದ್ರಿ. ಮೊದಲ ಕಳ್ಳನ್ನ ಹಿಡಿಯೋಣ್ರಿ. ಸ್ಕ್ರೂ ಕಡೀಗ್ ನೋಡೋಣ."

ಆ ದಿನ ಅವನು ಹಿಡಿದ ಕ್ರಮವನ್ನು ಇಲ್ಲಿ ಬರೆದಿಡುತ್ತೇನೆ, ಏಕೆಂದರೆ ಅದು ಒಳ್ಳೆಯ ಇತಿಹಾಸಕಾರನ ಕ್ರಮವೂ ಹೌದು. ಮೊದಲು ಎಂಜಿನ್ ಪೂರ್ತಿ ಕಾಯುವವರೆಗೆ ಕಾದ. ತಣ್ಣಗಿನ ಎಂಜಿನ್ ನಿಮಿಷಕ್ಕೆ 1200–1500 ಸುತ್ತು ತಿರುಗಿದರೆ ಅದು ಕಾಯಿಲೆಯಲ್ಲ. ಚೋಕ್ ಎಳೆದಾಗ ಹಾಗೆ ಆಗಲೇಬೇಕು. ಕಾದ ಮೇಲೂ ಇಳಿಯದಿದ್ದರೆ ಮಾತ್ರ ಕಾಯಿಲೆ. ಎರಡನೆಯದಾಗಿ ಕಾಲಿನ ಬಳಿ ನೋಡಿದ: ಮ್ಯಾಟು ಪೆಡಲಿನ ಮೇಲೆ ಏರಿಲ್ಲ. ಮೂರನೆಯದಾಗಿ ಎಕ್ಸಲರೇಟರಿನ ಕೇಬಲ್ಲನ್ನು ಕೊಂಡಿಯಿಂದ ಬಿಚ್ಚಿದ. ಕೇಬಲ್ ತುಕ್ಕು ಹಿಡಿದು ಬಿಗಿಯಾಗಿದ್ದರೆ ಬಿಚ್ಚಿದೊಡನೆ ಸದ್ದು ಇಳಿಯಬೇಕಾಗಿತ್ತು, ಇಳಿಯಲಿಲ್ಲ. ನಾಲ್ಕನೆಯದಾಗಿ ಚೋಕಿನ ತಟ್ಟೆ ಪೂರ್ತಿ ತೆರೆದಿದೆಯೇ ನೋಡಿದ; ತೆರೆದಿತ್ತು. ಐದನೆಯದಾಗಿ ಕಾರ್ಬುರೇಟರಿನ ಬಾಯಿಯನ್ನು ಒಂದು ಹಲಗೆಯ ತುಂಡಿನಿಂದ ಮುಚ್ಚಿದ. ಗಾಳಿಯ ಏಕೈಕ ದಾರಿ ಅದೇ ಆಗಿದ್ದರೆ ಎಂಜಿನ್ ಒಂದೆರಡು ಕ್ಷಣಗಳಲ್ಲಿ ಸಾಯಬೇಕು. ನಮ್ಮ ಎಂಜಿನ್ ಸಾಯದೆ ಏದುಸಿರು ಬಿಡುತ್ತ ನಡೆಯುತ್ತಲೇ ಇತ್ತು. ಅಂದರೆ ಬೇರೊಂದು ಬಾಗಿಲು ಎಲ್ಲಿಯೋ ತೆರೆದಿದೆ ಎಂಬುದು ಸಿದ್ಧವಾಯಿತು.

ಆಮೇಲೆ ಒಂದು ರಬ್ಬರ್ ನಳಿಕೆಯ ತುದಿಯನ್ನು ಕಿವಿಗಿಟ್ಟುಕೊಂಡು, ಇನ್ನೊಂದು ತುದಿಯನ್ನು ಎಂಜಿನ್ನಿನ ಸಂದುಗೊಂದುಗಳಲ್ಲಿ ಆಡಿಸಿದ, ಡಾಕ್ಟರರು ಎದೆಯ ಮೇಲೆ ಸ್ಟೆತೊಸ್ಕೋಪ್ ಇಡುವಂತೆ. ಕಾರ್ಬುರೇಟರಿನ ಬುಡದ ಗ್ಯಾಸ್ಕೆಟ್ಟಿನ ಬಳಿ ಸದ್ದಿಲ್ಲ. ಬ್ರೇಕಿನ ಬೂಸ್ಟರಿಗೆ ಹೋಗುವ ಪೈಪನ್ನು ಹಿಸುಕಿ ಹಿಡಿದ, ವ್ಯತ್ಯಾಸವಿಲ್ಲ. ಡಿಸ್ಟ್ರಿಬ್ಯೂಟರಿಗೆ ಹೋಗುವ ಸಣ್ಣ ವ್ಯಾಕ್ಯೂಮ್ ಪೈಪಿನ ಬಳಿ ಬಂದಾಗ ಮುಖ ಅರಳಿತು. "ಬರ್ರಿ ಸರ್, ಕೇಳ್ರಿ" ಎಂದು ನಳಿಕೆಯನ್ನು ನನ್ನ ಕಿವಿಗೆ ಕೊಟ್ಟ. ಹಾವು ಬುಸುಗುಟ್ಟಿದಂಥ ಸದ್ದು. ಬಿಸಿಗೆ ಕರಕಲಾಗಿ ಗಟ್ಟಿಯಾದ ರಬ್ಬರು ಕೆಳಬದಿಯಲ್ಲಿ, ಕಣ್ಣಿಗೆ ಕಾಣದ ಕಡೆ, ಸೀಳಿತ್ತು. ಗೇಣುದ್ದದ ಹೊಸ ಪೈಪು ಹಾಕಿ, ಸ್ಕ್ರೂವನ್ನು ಮೊದಲಿನ ಜಾಗಕ್ಕೆ ತಂದ. ಎಂಜಿನ್ ಬೆಕ್ಕಿನ ಹಾಗೆ ಗುರುಗುಟ್ಟುತ್ತ ಶಾಂತವಾಯಿತು.

ಸ್ಕ್ರೂ ಸಡಿಲಿಸಿ ಕಳಿಸಿದ ಗ್ಯಾರೇಜಿನ ಕೆಲಸದಲ್ಲಿ ಏನು ಕೊರತೆಯಿತ್ತೆಂಬುದು ಈಗ ನಿಮಗೆ ತಿಳಿದಿರಬೇಕು. ಅಲ್ಲಿ ಸದ್ದನ್ನು ಇಳಿಸಿದರು. ಗಾಳಿಯ ಕಳ್ಳದಾರಿಯನ್ನು ಹಾಗೆಯೇ ಬಿಟ್ಟರು. ಕಳ್ಳದಾರಿಯ ಗಾಳಿಗೆ ಪೆಟ್ರೋಲು ಸರಿಯಾಗಿ ಬೆರೆಯುವುದಿಲ್ಲ. ನ್ಯಾಯವಾದ ದಾರಿಯನ್ನು ಕಿರಿದುಗೊಳಿಸಿದರೆ ತಣ್ಣಗಿನ ಎಂಜಿನ್ ಬದುಕುವುದಿಲ್ಲ. ನಾನು ಮಕ್ಕಳಿಗೆ ಮಾನವಿ ಮಾಡುತ್ತಿದ್ದ ಮಾತೊಂದಿತ್ತು: ಘಟನೆಯ ಕಾರಣವನ್ನು ಬರೆಯಿರಿ ಎಂದರೆ ಘಟನೆಯನ್ನೇ ಇನ್ನೊಮ್ಮೆ ಬರೆಯಬೇಡಿ. ಆ ಹಿಂದಿನ ಬೆಂಚಿನ ಹುಡುಗ ಅದನ್ನು ನನ್ನ ಕಾರಿನ ಮೇಲೆಯೇ ಬಿಡಿಸಿ ತೋರಿಸಿದ.

ಒಂದು ಎಚ್ಚರಿಕೆ. ಕಾರ್ಬುರೇಟರಿನ ಬಾಯಿಗೆ ಅಂಗೈ ಒಡ್ಡಿ ಪರೀಕ್ಷಿಸುವುದನ್ನು, ಸಂದುಗಳ ಮೇಲೆ ಪೆಟ್ರೋಲು ಚಿಮುಕಿಸಿ ಸೋರಿಕೆ ಕಂಡುಹಿಡಿಯುವುದನ್ನು ಕೆಲವೆಡೆ ಇಂದಿಗೂ ಕಾಣಬಹುದು. ಬಿಸಿ ಎಂಜಿನ್ನಿನ ಮೇಲೆ ಪೆಟ್ರೋಲು ಚೆಲ್ಲುವುದು ಬೆಂಕಿಗೆ ಆಮಂತ್ರಣ. ಸಾಬೂನಿನ ನೀರು ಸಾಕು. ಸೀಳಿನ ಮೇಲೆ ಬಿದ್ದೊಡನೆ ನೀರು ಒಳಗೆ ಎಳೆದುಕೊಳ್ಳುತ್ತದೆ, ಸದ್ದು ಕ್ಷಣಕಾಲ ಬದಲಾಗುತ್ತದೆ.

ಲಾರಿಗಳ ವಿಚಾರ ಬೇರೆ. ಡೀಸೆಲ್ ಎಂಜಿನ್ನಿಗೆ ಸಾಮಾನ್ಯವಾಗಿ ಗಾಳಿಯ ಬಾಗಿಲಿನ ಹತೋಟಿ ಇಲ್ಲ. ಡೀಸೆಲಿನ ಅಳತೆಯೇ ವೇಗವನ್ನು ನಿರ್ಧರಿಸುತ್ತದೆ. ಆ ಅಳತೆಯನ್ನು ಕಾಯುವುದು ಪಂಪಿನೊಳಗಿನ ಗವರ್ನರು, ವಾಟನ ತಿರುಗುವ ಗುಂಡುಗಳ ಮೊಮ್ಮಗ. 1954ರಲ್ಲಿ ಟಾಟಾ ಸಂಸ್ಥೆ ಜರ್ಮನಿಯ ಡೈಮ್ಲರ್-ಬೆಂಝ್ ಜೊತೆ ಸೇರಿ ಜಮ್‌ಶೆಡ್‌ಪುರದಲ್ಲಿ ಲಾರಿ ತಯಾರಿಸತೊಡಗಿತು. 1951ರಲ್ಲಿ ಆರಂಭವಾದ ಮೈಕೋ ಸಂಸ್ಥೆ ಬೆಂಗಳೂರಿನ ಆಡುಗೋಡಿಯಲ್ಲಿ ಡೀಸೆಲ್ ಪಂಪುಗಳ ಬಿಡಿಭಾಗಗಳನ್ನು ತಯಾರಿಸಿತು. ಹಳೆಯ ಕೆಲವು ಡೀಸೆಲ್ ಎಂಜಿನ್‌ಗಳಲ್ಲಿ ಗವರ್ನರು ಗಾಳಿಯ ಎಳೆತದಿಂದಲೇ ಕೆಲಸ ಮಾಡುತ್ತಿತ್ತು. ಅದರೊಳಗೆ ಒಂದು ತೆಳುವಾದ ತೊಗಲಿನಂಥ ಪರದೆ. ಆ ಪರದೆ ಹರಿದರೆ ಸ್ಪ್ರಿಂಗು ಡೀಸೆಲಿನ ಅಳತೆಯನ್ನು ಪೂರ್ತಿ ತೆರೆದುಬಿಡುತ್ತಿತ್ತು, ಎಂಜಿನ್ ಹುಚ್ಚು ಹಿಡಿದಂತೆ ಏರುತ್ತಿತ್ತು. ಆಗ ಡೀಸೆಲ್ ಬಂದ್ ಮಾಡುವ ಕೊಂಡಿಯನ್ನು ಎಳೆಯಲು ತಿಳಿದ ಕ್ಲೀನರ್ ಹುಡುಗನೇ ಲಾರಿಯನ್ನು ಉಳಿಸುವವನು. ಕಾರಿನಲ್ಲಿ ಕಿರಿಕಿರಿಯಾಗಿ ತೋರುವ ದೋಷ ಲಾರಿಯಲ್ಲಿ ಎಂಜಿನ್ನನ್ನೇ ಒಡೆದು ಹಾಕಬಲ್ಲದು.

ಈಗ ಕಥೆಯ ಎರಡನೆಯ ಭಾಗ. ಎಂಜಿನ್ನಿಗೆ ಎಲೆಕ್ಟ್ರಾನಿಕ್ ಮೆದುಳು ಬಂದದ್ದು ಪರದೇಶದಲ್ಲಿ ಬಹಳ ಹಿಂದೆಯೇ. 1967ರಲ್ಲಿ ಬಾಶ್ ಸಂಸ್ಥೆಯ ಡಿ-ಜೆಟ್ರಾನಿಕ್ ವ್ಯವಸ್ಥೆ ಫೋಕ್ಸ್‌ವ್ಯಾಗನ್ 1600 ಕಾರಿನಲ್ಲಿ ಬಂದಿತು. ಕಾರ್ಬುರೇಟರಿನ ಬದಲು ಇಂಜೆಕ್ಟರುಗಳು ಲೆಕ್ಕ ಹಾಕಿದ ಪ್ರಮಾಣದಲ್ಲಿ ಪೆಟ್ರೋಲು ಚಿಮ್ಮಿಸತೊಡಗಿದವು. ನಮ್ಮಲ್ಲಿ ಇದು ವ್ಯಾಪಕವಾದದ್ದು 2000ದ ಸುಮಾರಿಗೆ, ಹೊಗೆಯ ಮೇಲಿನ ಕಾನೂನು ಬಿಗಿಯಾದಾಗ. ಅದೇ ವರ್ಷ ಸೀಸ ಬೆರೆಸಿದ ಪೆಟ್ರೋಲನ್ನು ದೇಶದಾದ್ಯಂತ ನಿಲ್ಲಿಸಲಾಯಿತು. ಮಾರುತಿ 800ಕ್ಕೂ ಇಂಜೆಕ್ಷನ್ ಬಂದಿತು. ಪದ್ಮಿನಿ ಆ ಹೊತ್ತಿಗೆ ನಿಂತುಹೋಯಿತು. ಅಂಬಾಸಿಡರು 2014ರವರೆಗೆ ಏದುಸಿರು ಬಿಡುತ್ತ ಉಳಿಯಿತು. 2020ರ ಏಪ್ರಿಲ್ 1ರಿಂದ ಭಾರತ್ ಸ್ಟೇಜ್ 6 ನಿಯಮ ಬಂದಿತು.

ಹೊಸ ಕಾರಿನಲ್ಲಿ ಐಡ್ಲಿಂಗ್ ಸ್ಕ್ರೂವಿಗೆ ಕೈಹಾಕುವಂತಿಲ್ಲ. ನಿಂತಾಗಿನ ಗಾಳಿಯನ್ನು ಒಂದು ಸಣ್ಣ ವಾಲ್ವು, ಅಥವಾ ಮೋಟಾರಿನಿಂದ ತಿರುಗುವ ಥ್ರಾಟಲ್ಲೇ, ಕಂಪ್ಯೂಟರಿನ ಅಪ್ಪಣೆಯಂತೆ ಅಳೆದು ಬಿಡುತ್ತದೆ. ಕಂಪ್ಯೂಟರು ಪ್ರಾಮಾಣಿಕ ಗುಮಾಸ್ತನಿದ್ದಂತೆ: ತನಗೆ ಬಂದ ಕಾಗದಗಳನ್ನು ನಂಬಿ ಹುಕುಂ ಹೊರಡಿಸುತ್ತದೆ. ಎಂಜಿನ್ನಿನ ನೀರಿನ ಬಿಸಿಯನ್ನು ತಿಳಿಸುವ ಸೆನ್ಸರು ಕೆಟ್ಟು "ಇನ್ನೂ ತಣ್ಣಗಿದೆ" ಎಂದು ವರದಿ ಕೊಟ್ಟರೆ, ಮೇ ತಿಂಗಳ ಬಿಸಿಲಿನಲ್ಲಿಯೂ ಗುಮಾಸ್ತ ಚಳಿಗಾಲದ ವೇಗವನ್ನೇ ಮಂಜೂರು ಮಾಡುತ್ತಾನೆ. ರೇಡಿಯೇಟರಿನಲ್ಲಿ ನೀರು ಕಡಿಮೆಯಾಗಿ ಸೆನ್ಸರಿನ ತಲೆ ಗಾಳಿಯಲ್ಲಿ ಉಳಿದರೂ ಹಾಗೆಯೇ ಆಗಬಹುದು. ಇನ್ನು ಸೀಳಿದ ಪೈಪಿನ ಹಳೆಯ ಕಳ್ಳತನ ಹೊಸ ಕಾರಿನಲ್ಲಿಯೂ ಉಂಟು. ಎಷ್ಟೋ ಸಣ್ಣ ಕಾರುಗಳಲ್ಲಿ ಒಳದಾರಿಯ ಒತ್ತಡವನ್ನು ನೋಡಿ ಗಾಳಿಯನ್ನು ಲೆಕ್ಕ ಹಾಕುತ್ತಾರೆ. ಕದ್ದು ಬಂದ ಗಾಳಿಯೂ ಆ ಒತ್ತಡವನ್ನು ಹೆಚ್ಚಿಸುವುದರಿಂದ ಗುಮಾಸ್ತ ಅದಕ್ಕೂ ಪೆಟ್ರೋಲು ಮಂಜೂರು ಮಾಡುತ್ತಾನೆ, ವೇಗ ಏರುತ್ತದೆ. ಇಳಿಸಲೆಂದು ತನ್ನ ವಾಲ್ವನ್ನು ಪೂರ್ತಿ ಮುಚ್ಚುತ್ತಾನೆ. ಆಮೇಲೂ ಇಳಿಯದಿದ್ದಾಗ ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ನಿನ ಹಳದಿ ದೀಪ ಹೊತ್ತಿಸುತ್ತಾನೆ.

ಆಗ ಮೆಕ್ಯಾನಿಕನು ಸ್ಕ್ಯಾನರು ಜೋಡಿಸಿದರೆ ಪಿ0507 ಎಂಬ ಸಂಕೇತ ಬರುತ್ತದೆ. ಅಮೆರಿಕದಲ್ಲಿ 1996ರಿಂದ ಎಲ್ಲ ಕಾರುಗಳಿಗೂ ಕಡ್ಡಾಯವಾದ ಈ ಸಂಕೇತಗಳ ಪದ್ಧತಿ ನಮ್ಮಲ್ಲಿಯೂ ಕಾಲಕ್ರಮದಲ್ಲಿ ಜಾರಿಗೆ ಬಂದಿದೆ. ಪಿ0507 ಎಂದರೇನು? ಐಡ್ಲಿಂಗ್ ಇರಬೇಕಾದುದಕ್ಕಿಂತ ಹೆಚ್ಚಾಗಿದೆ ಎಂದರ್ಥ. ಅದು ನಮಗೆ ಕಿವಿಯಿಂದಲೇ ಗೊತ್ತಿತ್ತಲ್ಲ! ಸ್ಕ್ಯಾನರಿನ ನಿಜವಾದ ಉಪಯೋಗ ಸಂಕೇತದಲ್ಲಿಲ್ಲ. ಅದು ತೋರಿಸುವ ಅಂಕಿಗಳಲ್ಲಿದೆ. ನೀರಿನ ಬಿಸಿ ಎಷ್ಟು, ಒತ್ತಡ ಎಷ್ಟು, ಥ್ರಾಟಲ್ ಎಷ್ಟು ತೆರೆದಿದೆ ಎಂಬ ಅಂಕಿಗಳನ್ನು ಕಣ್ಣೆದುರಿನ ಎಂಜಿನ್ನಿನೊಡನೆ ತಾಳೆ ನೋಡಬಲ್ಲವನಿಗೆ ಮಾತ್ರ ಅದು ಮಾತನಾಡುತ್ತದೆ.

ಇದಕ್ಕೊಂದು ಉದಾಹರಣೆ. ನಮ್ಮ ಬಂಧುಗಳೊಬ್ಬರು ಬಸವಕಲ್ಯಾಣದಲ್ಲಿದ್ದಾರೆ. ಅವರ ಕಾರಿನ ಸರ್ವಿಸ್ ಆದ ದಿನದಿಂದಲೇ ಐಡ್ಲಿಂಗ್ 1500ಕ್ಕೆ ಏರಿ ಕುಳಿತಿತು. ಬೇರೊಂದು ಕಡೆ ತೋರಿಸಿದಾಗ ಇಡೀ ಥ್ರಾಟಲ್ ಬಾಡಿಯನ್ನೇ ಬದಲಿಸಬೇಕೆಂದರು. ಅವರು ಫೋನು ಮಾಡಿ ಕೇಳಿದಾಗ ನಾನು ಮೇಲೆ ಹೇಳಿದ ಶಿಷ್ಯನ ಬಳಿಗೆ ಕಳಿಸಿದೆ. ಅವನು ಕೇಳಿದ್ದು ಒಂದೇ ಪ್ರಶ್ನೆ: "ಕಾಕಾ, ಸರ್ವಿಸಿನ್ಯಾಗ ಏನೇನ್ ಸಾಫ್ ಮಾಡ್ಯಾರ್ರಿ?" ಥ್ರಾಟಲ್ಲಿನ ಮಸಿಯನ್ನು ತೊಳೆದಿದ್ದರು. ವರ್ಷಗಟ್ಟಲೆ ಮಸಿ ಕಟ್ಟಿ ಸಂದು ಕಿರಿದಾಗುತ್ತ ಬಂದಾಗ ಕಂಪ್ಯೂಟರು ಬಾಗಿಲನ್ನು ಸ್ವಲ್ಪ ಸ್ವಲ್ಪವೇ ಹೆಚ್ಚು ತೆರೆಯಲು ರೂಢಿ ಮಾಡಿಕೊಂಡಿತ್ತು. ಮಸಿ ಹೋದ ಮೇಲೂ ಹಳೆಯ ರೂಢಿಯಂತೆಯೇ ತೆರೆಯುತ್ತಿತ್ತು. ಅವನು ಸ್ಕ್ಯಾನರಿನಿಂದ ಹಳೆಯ ಕಲಿಕೆಯನ್ನು ಅಳಿಸಿ, ಎಂಜಿನ್ನನ್ನು ಕಾಯಿಸಿ, ಹೊಸದಾಗಿ ಕಲಿಯಲು ಬಿಟ್ಟ. ಐಡ್ಲಿಂಗ್ ಸರಿಹೋಯಿತು, ಬಿಡಿಭಾಗ ಒಂದೂ ಬದಲಾಗಲಿಲ್ಲ. ದೋಷ ಯಾವಾಗ ಶುರುವಾಯಿತು, ಅದಕ್ಕೆ ಮುಂಚೆ ಏನು ನಡೆಯಿತು ಎಂಬ ಪ್ರಶ್ನೆಯನ್ನು ಕೇಳಲು ಯಾವ ಸ್ಕ್ಯಾನರಿಗೂ ಬರುವುದಿಲ್ಲ. ಅದು ಚರಿತ್ರೆಯ ಪ್ರಶ್ನೆ.

ಇಷ್ಟೆಲ್ಲ ಬರೆಯಲು ಕಾರಣವಿದೆ. ಐಡ್ಲಿಂಗ್ ಎಂಬ ಸಂಗತಿಯೇ ಕೆಲವು ದಶಕಗಳಲ್ಲಿ ನಮ್ಮ ರಸ್ತೆಗಳಿಂದ ಮರೆಯಾಗಬಹುದು. ಎಷ್ಟೋ ಹೊಸ ಕಾರುಗಳಲ್ಲಿ ಸಿಗ್ನಲ್ಲಿನ ಬಳಿ ನಿಂತೊಡನೆ ಎಂಜಿನ್ ತಾನೇ ಬಂದ್ ಆಗುತ್ತದೆ. ವಿದ್ಯುತ್ ಕಾರಿಗಂತೂ ಐಡ್ಲಿಂಗೇ ಇಲ್ಲ. ನಿಂತಾಗ ಅದರ ಮೋಟಾರು ಸುಮ್ಮನೆ ನಿಂತಿರುತ್ತದೆ. ಗಾಳಿಗೆ ಇದು ಒಳ್ಳೆಯದೇ, ನಾನು ಹಳೆಯ ಹೊಗೆಗಾಗಿ ಅಳುವವನಲ್ಲ. ಆದರೆ ರಬ್ಬರ್ ನಳಿಕೆಯೊಂದರಿಂದ ಸೀಳನ್ನು ಹಿಡಿಯುವ ಕಿವಿ ನಮ್ಮ ಊರುಗಳಲ್ಲಿ ಮೂರು ತಲೆಮಾರು ಬೆಳೆದು ಬಂದಿತು. ಅದನ್ನು ಯಾರೂ ಬರೆದಿಡಲಿಲ್ಲ. ಉಸ್ತಾದನಿಂದ ಹುಡುಗನಿಗೆ, ಬೈಗುಳದ ಜೊತೆಗೆ, ದಾಟಿಬಂದಿತು. ಆ ಶಿಷ್ಯ ಒಮ್ಮೆ ನನಗೆ ಹೇಳಿದ: "ನನ್ನ ಮಗ ಸ್ಕ್ಯಾನರ್ ಹಿಡೀತಾನ್ರಿ ಸರ್, ಛಲೋನೇ ಹಿಡೀತಾನ. ಖರೆ, ಬಾನೆಟ್ ಎತ್ತಿ ಸುಮ್ನ ನಿಂದ್ರು ಅಂದ್ರ ನಿಂದ್ರಂಗಿಲ್ಲ." ಸುಮ್ಮನೆ ನಿಂತು ಕೇಳುವ ಆ ಐದು ನಿಮಿಷವನ್ನು ಮುಂದಿನವರಿಗೆ ದಾಟಿಸುವುದು ಹೇಗೆಂಬುದೇ ಅವನ ಚಿಂತೆ. ಮಾಸ್ತರಿಕೆ ಮಾಡಿದವನಿಗೆ ಆ ಚಿಂತೆ ಚೆನ್ನಾಗಿ ಅರ್ಥವಾಗುತ್ತದೆ.

ಆದ್ದರಿಂದ ಆಟೋ ನಗರದಲ್ಲಿ, ಹುಮನಾಬಾದಿನ ಹೆದ್ದಾರಿಯಲ್ಲಿ, ಮುಂಬಯಿ-ಪುಣೆ-ಹೈದರಾಬಾದಿನ ಗ್ಯಾರೇಜುಗಳಲ್ಲಿ ದುಡಿದಿರುವ ನನ್ನ ವಿದ್ಯಾರ್ಥಿಗಳಲ್ಲಿ ಒಂದು ಕೋರಿಕೆ. ನೀವು ಹಿಡಿದ ಒಂದೊಂದು ಕಳ್ಳನ ಕಥೆಯನ್ನು ನನಗೆ ತಿಳಿಸಿರಿ: ಯಾವ ವಾಹನ, ಯಾವ ಸದ್ದು, ಮೊದಲು ಯಾವುದರ ಮೇಲೆ ಅನುಮಾನ, ಕಡೆಗೆ ಸಿಕ್ಕಿದ್ದೇನು, ನಿಮ್ಮ ಉಸ್ತಾದರು ಅದಕ್ಕೆ ಯಾವ ಶಬ್ದ ಬಳಸುತ್ತಿದ್ದರು. ಪಾನಾ ಹಿಡಿದ ಕೈಗೆ ಲೇಖನಿ ಭಾರವೆನಿಸಿದರೆ ಫೋನಿನಲ್ಲಿ ಹೇಳಿರಿ. ಸಂಜೆ ಐದರ ಮೇಲೆ ನಾನು ಮನೆಯಲ್ಲಿಯೇ ಇರುತ್ತೇನೆ. ಬರೆದುಕೊಳ್ಳುವ ಕೆಲಸ ನನ್ನದು.